ಬುಮಾಂಜಿ, ಮುಹುಮುರೊ: ನರಮೇಧದ ನಂತರ ರುವಾಂಡಾ ಕೇಳಿದ ಕಥೆ

ರುವಾಂಡಾದಲ್ಲಿ 1970, 80ರ ದಶಕಗಳಲ್ಲಿ ಪ್ರಾಥಮಿಕ ಶಾಲೆ ಓದಿದವರ ನೆನಪುಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಬರುತ್ತದೆ. ಮೇಷ್ಟ್ರು ತರಗತಿಗೆ ಬಂದು ಹುಟು ಮಕ್ಕಳೆಲ್ಲ ಎದ್ದು ನಿಲ್ಲಬೇಕು ಎನ್ನುತ್ತಾರೆ. ಮುಕ್ಕಾಲು ತರಗತಿ ಎದ್ದು ನಿಲ್ಲುತ್ತದೆ. ಅವರನ್ನು ಕೂರಿಸಿ, ಈಗ ಟುಟ್ಸಿಗಳು ಎನ್ನುತ್ತಾರೆ. ಅಲ್ಲೊಬ್ಬರು ಇಲ್ಲೊಬ್ಬರು ಎದ್ದು ನಿಲ್ಲುತ್ತಾರೆ. ಯಾವಾಗ ಏಳಬೇಕೆಂದು ತಿಳಿಯದ ಮಗು ಮನೆಗೆ ಹೋಗಿ, ತಾನು ಯಾರೆಂದು ಅಪ್ಪ ಅಮ್ಮನನ್ನು ಕೇಳಿಕೊಂಡು ಮಾರನೆಯ ದಿನ ಬರಬೇಕು. ಎಷ್ಟೋ ಮಕ್ಕಳಿಗೆ ತಮ್ಮ ಜನಾಂಗ ಯಾವುದೆಂದು ಮೊದಲು ಗೊತ್ತಾದದ್ದು ಹೀಗೆ, ಶಾಲೆಯಲ್ಲಿ.

ಹುಟು, ಟುಟ್ಸಿ, ತ್ವಾ ಈ ಮೂವರೂ ಆಡುವುದು ಕಿನ್ಯಾರ್ವಾಂಡಾ ಎಂಬ ಒಂದೇ ಭಾಷೆ. ವಾಸ ಒಂದೇ ಗುಡ್ಡದ ಮೇಲೆ, ಅಕ್ಕಪಕ್ಕದ ಮನೆಗಳಲ್ಲಿ. ವಸಾಹತುಶಾಹಿ ಬರುವ ಮುಂಚೆ ಭೇದವೇ ಇರಲಿಲ್ಲ ಎನ್ನುವಂತಿಲ್ಲ. ದನಕರುಗಳ ಒಡೆತನ, ಅರಮನೆಯ ನಂಟು, ಬಿಟ್ಟಿ ದುಡಿಮೆ ಇವುಗಳ ಮೇಲೆ ನಿಂತ ಮೇಲು ಕೀಳು ಹತ್ತೊಂಬತ್ತನೇ ಶತಮಾನದ ಕೊನೆಗೇ ಗಟ್ಟಿಯಾಗಿತ್ತು. ಅದನ್ನು ವರ್ಗವೆನ್ನಬೇಕೋ ಜನಾಂಗವೆನ್ನಬೇಕೋ ಎಂಬ ವಾದ ಇತಿಹಾಸಕಾರರಲ್ಲಿ ಇನ್ನೂ ನಡೆದಿದೆ. ಆದರೆ ಭೇದವನ್ನು ಕಾಗದಕ್ಕಿಳಿಸಿ ಕದಲದಂತೆ ಮಾಡಿದ್ದು ಬೆಲ್ಜಿಯಂ ಆಡಳಿತ. 1933-34ರ ಜನಗಣತಿಯ ನಂತರ ಪ್ರತಿಯೊಬ್ಬರ ಗುರುತಿನ ಚೀಟಿಯಲ್ಲೂ ಜನಾಂಗ ನಮೂದಾಯಿತು. ಟುಟ್ಸಿಗಳು ಉತ್ತರದಿಂದ ಬಂದ ಶ್ರೇಷ್ಠ ಕುಲದವರೆಂದು ಯುರೋಪಿನ ಪಂಡಿತರು ಕಟ್ಟಿದ ಕಥೆ ಮಿಷನರಿ ಶಾಲೆಗಳಲ್ಲಿ ಪಾಠವಾಯಿತು. ಒಳ್ಳೆಯ ಶಾಲೆ, ಸರ್ಕಾರಿ ಕೆಲಸ ಟುಟ್ಸಿಗಳ ಪಾಲಾದವು.

1959ರ ದಂಗೆ, 1962ರ ಸ್ವಾತಂತ್ರ್ಯ ಎಲ್ಲವನ್ನೂ ತಿರುವು ಮುರುವು ಮಾಡಿದವು. ಅಧಿಕಾರ ಹುಟು ನಾಯಕರ ಕೈಸೇರಿತು. ಲಕ್ಷಾಂತರ ಟುಟ್ಸಿಗಳು ಉಗಾಂಡಾ, ಬುರುಂಡಿಗಳಿಗೆ ಓಡಿಹೋದರು. ಗುರುತಿನ ಚೀಟಿ ಮಾತ್ರ ಹಾಗೇ ಉಳಿಯಿತು. ಪಠ್ಯದ ಕಥೆಯೂ ಉಳಿಯಿತು. ಉತ್ತರದಿಂದ ಬಂದ ಶ್ರೇಷ್ಠರು ಈಗ ಹೊರಗಿನಿಂದ ನುಗ್ಗಿದ ಆಕ್ರಮಣಕಾರರಾದರು. ಪ್ರೌಢಶಾಲೆಯ ಸೀಟುಗಳಿಗೆ ಜನಾಂಗವಾರು, ಪ್ರಾಂತವಾರು ಪಾಲು ಗೊತ್ತಾಯಿತು. ಶಿಕ್ಷಣ ಹರಡಿದರೆ ದ್ವೇಷ ತಾನಾಗಿ ಕರಗುತ್ತದೆ ಎಂದು ನಂಬುವವರು ರುವಾಂಡಾದ ಈ ಅಧ್ಯಾಯವನ್ನು ಓದಬೇಕು. 2014ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಎಲಿಸಬೆತ್ ಕಿಂಗ್ ವಾದಿಸಿರುವುದು ಇದನ್ನೇ: ಅಲ್ಲಿನ ಶಾಲೆಗಳು ಸಂಘರ್ಷವನ್ನು ತಡೆಯುವ ಬದಲು ಅದಕ್ಕೆ ನೆಲ ಹದಮಾಡಿದವು.

ಆ ತರಗತಿಗೂ ಮುಂದೆ 1994ರ ನರಮೇಧದಲ್ಲಿ ಜನರನ್ನು ಕೊಲ್ಲಿಸಿದ ರೇಡಿಯೊಗೂ ನೇರ ಕೊಂಡಿಯಾದವನು ಒಬ್ಬ ಇತಿಹಾಸದ ಪ್ರಾಧ್ಯಾಪಕ. ಫರ್ಡಿನಾಂಡ್ ನಹಿಮಾನಾ ಪ್ಯಾರಿಸ್ಸಿನಲ್ಲಿ ಡಾಕ್ಟರೇಟ್ ಪಡೆದವನು, ಬುಟಾರೆಯ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವನು. 1990ರ ಅಕ್ಟೋಬರಿನಲ್ಲಿ ದೇಶಭ್ರಷ್ಟ ಟುಟ್ಸಿಗಳು ಕಟ್ಟಿದ್ದ ಆರ್‌ಪಿಎಫ್ ಪಡೆ ಉಗಾಂಡಾದಿಂದ ಗಡಿ ದಾಟಿ ಯುದ್ಧ ಆರಂಭಿಸಿತು. ಆ ವರ್ಷವೇ ಆತ ಸರ್ಕಾರದ ವಾರ್ತಾ ಇಲಾಖೆಯ ಮುಖ್ಯಸ್ಥನಾದ. 1992ರ ಮಾರ್ಚಿನಲ್ಲಿ ಸರ್ಕಾರಿ ರೇಡಿಯೊ, ಹುಟು ಮುಖಂಡರನ್ನು ಕೊಲ್ಲುವ ಸಂಚು ನಡೆದಿದೆ ಎಂಬ ಸುಳ್ಳು ಪ್ರಕಟಣೆಯನ್ನು ಮತ್ತೆ ಮತ್ತೆ ಓದಿತು. ಬುಗೆಸೆರಾ ಪ್ರದೇಶದಲ್ಲಿ ನೂರಾರು ಟುಟ್ಸಿಗಳು ಹತರಾದರು. ನಹಿಮಾನಾ ಹುದ್ದೆ ಕಳೆದುಕೊಂಡ. ಮರುವರ್ಷವೇ ಸಂಗಡಿಗರೊಂದಿಗೆ ಸೇರಿ ಖಾಸಗಿ ಬಾನುಲಿಯೊಂದನ್ನು ಹುಟ್ಟುಹಾಕಿದ. ಅದೇ ಆರ್‌ಟಿಎಲ್‌ಎಂ. 1993ರ ಜುಲೈನಲ್ಲಿ ಅದರ ಪ್ರಸಾರ ಶುರುವಾಯಿತು.

ಸರ್ಕಾರಿ ರೇಡಿಯೊದ ಬಿಗುಮಾನ ಅದಕ್ಕಿರಲಿಲ್ಲ. ಕಾಂಗೊದ ಕುಣಿತದ ಸಂಗೀತ, ಚಟಾಕಿ, ಕೇಳುಗರ ಫೋನ್ ಕರೆ, ಬೀದಿಯ ಆಡುಮಾತು ಎಲ್ಲವೂ ಇದ್ದವು. ಹುಡುಗರು ಮುಗಿಬಿದ್ದು ಕೇಳಿದರು. ಹಾಡಿನ ನಡುವೆ ಟುಟ್ಸಿಗಳನ್ನು ಜಿರಲೆಗಳೆಂದು ಕರೆಯುವುದು ಮೊದಲು ತಮಾಷೆಯಾಗಿ, ಆಮೇಲೆ ರೂಢಿಯಾಗಿ ಬಂತು. 1994ರ ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯಾರಿಮಾನಾ ಅವರ ವಿಮಾನವನ್ನು ರಾಜಧಾನಿ ಕಿಗಾಲಿಯ ಬಳಿ ಹೊಡೆದುರುಳಿಸಲಾಯಿತು. ಮುಂದಿನ ನೂರು ದಿನ ಆ ರೇಡಿಯೊ ವ್ಯಕ್ತಿಗಳ ಹೆಸರು, ಅಡಗಿರುವ ಜಾಗ, ಕಾರಿನ ನಂಬರು ಹೇಳಿ ಕೊಲೆಗಡುಕರನ್ನು ಅಟ್ಟಿತು. ಅದರ ಪ್ರಸಾರವನ್ನು ವಿಮಾನದಿಂದ ತಡೆಯುವ ಪ್ರಸ್ತಾವ ಅಮೆರಿಕದ ಮುಂದೆ ಬಂದಿತ್ತು. ಗಂಟೆಗೆ ಸುಮಾರು 8,500 ಡಾಲರ್ ಖರ್ಚು, ಕಾನೂನಿನ ತೊಡಕು, ಫಲ ಅನುಮಾನ ಎಂದು ರಕ್ಷಣಾ ಇಲಾಖೆ ಮೇ 5ರಂದು ಟಿಪ್ಪಣಿ ಬರೆದು ಕೈತೊಳೆದುಕೊಂಡಿತು. ಸತ್ತವರು 5 ಲಕ್ಷದಿಂದ 8 ಲಕ್ಷ ಎಂದು ಹಲವು ವಿದ್ವಾಂಸರ ಅಂದಾಜು. 10 ಲಕ್ಷಕ್ಕೂ ಹೆಚ್ಚು ಎಂದು ರುವಾಂಡಾ ಸರ್ಕಾರದ ಲೆಕ್ಕ. ಬಹುತೇಕರು ಟುಟ್ಸಿಗಳು. ಅವರನ್ನು ಕೊಲ್ಲಲು ಒಪ್ಪದ, ಸರ್ಕಾರವನ್ನು ವಿರೋಧಿಸಿದ ಹುಟುಗಳೂ ಅವರೊಂದಿಗೆ ಸತ್ತರು.

ರೇಡಿಯೊ ಎಷ್ಟು ಕೊಂದಿತು? ಹತ್ಯೆಗೈದವರನ್ನು ಜೈಲುಗಳಲ್ಲಿ ಭೇಟಿ ಮಾಡಿದ ಸ್ಕಾಟ್ ಸ್ಟ್ರಾಸ್ 2007ರಲ್ಲಿ ಬರೆದದ್ದು ಪ್ರಚಲಿತ ನಂಬಿಕೆಗೆ ವಿರುದ್ಧವಾಗಿತ್ತು. ಹೆಚ್ಚಿನವರನ್ನು ಕೊಲೆಗೆ ಎಳೆದದ್ದು ರೇಡಿಯೊ ಅಲ್ಲ, ಮನೆ ಬಾಗಿಲಿಗೆ ಬಂದ ನೆರೆಯವರು, ಊರ ಮುಖಂಡರು, ಅವರ ಭಯ ಎಂದರು ಅವರು. 2014ರಲ್ಲಿ ಡೇವಿಡ್ ಯಾನಾಗಿಜಾವಾ-ಡ್ರಾಟ್ ಬೇರೆ ದಾರಿ ಹಿಡಿದರು. ಗುಡ್ಡಗಳ ಅಡ್ಡಿಯಿಂದ ಪ್ರಸಾರ ತಲುಪದ ಹಳ್ಳಿಗಳನ್ನು ತಲುಪಿದ ಹಳ್ಳಿಗಳೊಂದಿಗೆ ಹೋಲಿಸಿ, ಹಿಂಸೆಯಲ್ಲಿ ಭಾಗವಹಿಸಿದವರಲ್ಲಿ ಸುಮಾರು ಹತ್ತನೇ ಒಂದು ಭಾಗ ಆ ಬಾನುಲಿಯ ಪ್ರಭಾವದ್ದು ಎಂದು ಲೆಕ್ಕಹಾಕಿದರು. ನನಗೆ ಎರಡೂ ಮಾತು ಒಂದಕ್ಕೊಂದು ಪೂರಕವೆನಿಸುತ್ತವೆ. ಮನಸ್ಸಿನಲ್ಲಿ ಇಲ್ಲದ ದ್ವೇಷವನ್ನು ರೇಡಿಯೊ ಬಿತ್ತಿತೋ ಇಲ್ಲವೋ, ಈಗ ಕೊಂದರೆ ಯಾರೂ ಕೇಳುವವರಿಲ್ಲ, ಊರೆಲ್ಲ ಅದನ್ನೇ ಮಾಡುತ್ತಿದೆ ಎಂಬುದನ್ನಂತೂ ಎಲ್ಲರ ಕಿವಿಗೂ ಮುಟ್ಟಿಸಿತು. ಹತ್ತು ವರ್ಷದ ಮೇಲೆ ಇನ್ನೊಂದು ಕಾರ್ಯಕ್ರಮ ಅದೇ ದಾರಿಯಲ್ಲಿ ಎದುರು ದಿಕ್ಕಿಗೆ ನಡೆಯಿತು.

ಅದಕ್ಕೂ ಮೊದಲು ರೇಡಿಯೊದ ಮೇಲೆ ಜನಕ್ಕೆ ನಂಬಿಕೆ ಮರಳಬೇಕಿತ್ತು. 1994ರಲ್ಲೇ ಬಿಬಿಸಿ ಕಿನ್ಯಾರ್ವಾಂಡಾ ಭಾಷೆಯಲ್ಲಿ ಕಾರ್ಯಕ್ರಮವೊಂದನ್ನು ಆರಂಭಿಸಿ, ಚದುರಿಹೋದ ಕುಟುಂಬಗಳ ಹೆಸರು, ವಿವರ ಓದತೊಡಗಿತು. ಕೊಲ್ಲಲು ಹೆಸರು ಓದಿದ ಪೆಟ್ಟಿಗೆಯಿಂದಲೇ ಈಗ ಹುಡುಕಲು ಹೆಸರು ಕೇಳಿಬರುತ್ತಿತ್ತು. ನಿರಾಶ್ರಿತ ಶಿಬಿರಗಳಲ್ಲಿ ತಾಯಂದಿರು ಮಕ್ಕಳನ್ನು ಅದರ ಮೂಲಕ ಹುಡುಕಿದರು. ನೆರೆಯ ಬುರುಂಡಿಯಲ್ಲಿ 1995ರಲ್ಲಿ ಆರಂಭವಾದ ಸ್ಟುಡಿಯೊ ಇಜಾಂಬೊ, ಹುಟು ಮತ್ತು ಟುಟ್ಸಿ ಪತ್ರಕರ್ತರು ಜೊತೆಗೂಡಿ ವರದಿ ಮಾಡುವ ಪದ್ಧತಿ ತಂದಿತು. ನೆರೆಹೊರೆಯ ಎರಡು ಕುಟುಂಬಗಳ ಕಥೆಯ ಧಾರಾವಾಹಿಯನ್ನೂ ಪ್ರಸಾರ ಮಾಡಿತು.

ಶಾಲೆಯ ಗತಿ ಬೇರೆಯಾಯಿತು. 1994ರ ಸೆಪ್ಟೆಂಬರಿನಲ್ಲಿ ಪ್ರಾಥಮಿಕ ಶಾಲೆಗಳು ಮತ್ತೆ ತೆರೆದಾಗ ಮೇಷ್ಟ್ರುಗಳಲ್ಲಿ ಎಷ್ಟೋ ಜನ ಸತ್ತಿದ್ದರು, ಎಷ್ಟೋ ಜನ ಗಡಿ ದಾಟಿದ್ದರು, ಕೊಂದವರೂ ಅವರಲ್ಲಿದ್ದರು. ಮುರಾಂಬಿಯಂಥ ಶಾಲಾ ಕಟ್ಟಡಗಳೇ ಸಾಮೂಹಿಕ ಹತ್ಯೆಯ ಜಾಗಗಳಾಗಿದ್ದವು. ಆರ್‌ಪಿಎಫ್ ನೇತೃತ್ವದ ಹೊಸ ಸರ್ಕಾರ ಗುರುತಿನ ಚೀಟಿಯಿಂದ ಜನಾಂಗವನ್ನು ಅಳಿಸಿತು, ಸೀಟಿನ ಪಾಲನ್ನು ರದ್ದು ಮಾಡಿತು, ದೇಶದ ಇತಿಹಾಸದ ಪಾಠವನ್ನೇ ನಿಲ್ಲಿಸಿತು. ಯಾವುದನ್ನು ಕಲಿಸಬೇಕೆಂದು ಒಮ್ಮತವಿಲ್ಲದಾಗ ಸುಳ್ಳು ಕಲಿಸುವುದಕ್ಕಿಂತ ಸುಮ್ಮನಿರುವುದು ಮೇಲು ಎಂದು ಆ ಹೊತ್ತಿನಲ್ಲಿ ಅನ್ನಿಸಿದ್ದು ಸಹಜ. ಆದರೆ ಆ ಮೌನ ಒಂದೆರಡು ವರ್ಷಕ್ಕೆ ಮುಗಿಯಲಿಲ್ಲ, ದಶಕ ದಾಟಿತು.

ಆ ಮೌನದ ನಡುವೆ ನ್ಯಾಂಗೆಯಲ್ಲಿ ಒಂದು ಘಟನೆ ನಡೆಯಿತು. ಪಶ್ಚಿಮ ರುವಾಂಡಾದ ಈ ಊರಿನ ಹೆಸರು ಆಗಲೇ ರಕ್ತದಲ್ಲಿ ಅದ್ದಿತ್ತು. 1994ರಲ್ಲಿ ಇಲ್ಲಿನ ಚರ್ಚಿನಲ್ಲಿ ಆಶ್ರಯ ಪಡೆದಿದ್ದ ಸಾವಿರಕ್ಕೂ ಹೆಚ್ಚು ಟುಟ್ಸಿಗಳ ಮೇಲೆ ಬುಲ್‌ಡೋಜರ್ ಬಿಟ್ಟು ಕಟ್ಟಡ ಕೆಡವಲಾಗಿತ್ತು. ಅದರಲ್ಲಿ ಅಲ್ಲಿನ ಪಾದ್ರಿಯೇ ಶಾಮೀಲಾಗಿದ್ದ. ಮೂರು ವರ್ಷದ ನಂತರ, 1997ರ ಮಾರ್ಚ್ 18ರ ರಾತ್ರಿ, ಪ್ರೌಢಶಾಲೆಯ ಕೊನೆಯ ಎರಡು ತರಗತಿಗಳ ವಿದ್ಯಾರ್ಥಿಗಳು ಊಟ ಮುಗಿಸಿ ಓದಿಕೊಳ್ಳುತ್ತಿದ್ದರು. ಗಡಿಯಾಚೆಯಿಂದ ನುಸುಳಿ ಬಂದ ಹಳೆಯ ಹಂತಕ ಪಡೆಯವರು ಬಂದೂಕು ಹಿಡಿದು ಒಳನುಗ್ಗಿದರು. ಹುಟುಗಳು ಒಂದು ಕಡೆ, ಟುಟ್ಸಿಗಳು ಒಂದು ಕಡೆ ನಿಲ್ಲಬೇಕೆಂದರು. ಯಾರೂ ಕದಲಲಿಲ್ಲ. ನಾವೆಲ್ಲ ರುವಾಂಡಾದವರು ಎಂದರು ಮಕ್ಕಳು. ಬಂದವರು ಗುಂಡು ಹಾರಿಸಿದರು, ಗ್ರೆನೇಡ್ ಎಸೆದರು. ಆರು ವಿದ್ಯಾರ್ಥಿಗಳು ಸತ್ತರು, ಹಲವರು ಗಾಯಗೊಂಡರು. ಈ ವಿದ್ಯಾರ್ಥಿಗಳನ್ನು ರುವಾಂಡಾ ಇಂದು ರಾಷ್ಟ್ರವೀರರೆಂದು ಗೌರವಿಸುತ್ತದೆ.

ಶಾಂತಿಯ ಪಾಠ ಇನ್ನೂ ಪಠ್ಯದಲ್ಲಿ ಇಲ್ಲದಿದ್ದ ಕಾಲ ಅದು. ಈ ಮಕ್ಕಳಿಗೆ ಆ ಧೈರ್ಯ ಯಾವ ಪುಸ್ತಕವೂ ಕೊಟ್ಟದ್ದಲ್ಲ. ಪಕ್ಕದಲ್ಲಿರುವವನೂ ಏಳುವುದಿಲ್ಲ ಎಂಬ ಭರವಸೆ ಪ್ರತಿಯೊಬ್ಬರಿಗೂ ಇದ್ದಿರಬೇಕು. ಒಬ್ಬನು ಎದ್ದಿದ್ದರೂ ಉಳಿದವರು ಬೇರೆಯಾಗುತ್ತಿದ್ದರು.

ಅತ್ತ ತಾಂಜಾನಿಯಾದ ಅರುಷಾದಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ, ನವನೀತಂ ಪಿಳ್ಳೈ ಅವರ ಪೀಠದಲ್ಲಿ, ಮಾಧ್ಯಮದವರ ವಿಚಾರಣೆ ನಡೆಸಿತು. 2003ರ ಡಿಸೆಂಬರ್ 3ರಂದು ನಹಿಮಾನಾ ಮತ್ತು ಕಂಗುರಾ ಪತ್ರಿಕೆಯ ಹಸನ್ ನ್‌ಗೆಜೆಗೆ ಜೀವಾವಧಿ, ಆರ್‌ಟಿಎಲ್‌ಎಂನ ಇನ್ನೊಬ್ಬ ಸ್ಥಾಪಕ ಬರಾಯಗ್ವಿಜಾಗೆ 35 ವರ್ಷ ಶಿಕ್ಷೆಯಾಯಿತು. 2007ರಲ್ಲಿ ಮೇಲ್ಮನವಿ ಪೀಠ ಕೆಲವು ಆರೋಪಗಳನ್ನು ಕೈಬಿಟ್ಟು ಶಿಕ್ಷೆಯನ್ನು ಇಳಿಸಿತು. ಏಪ್ರಿಲ್ 6ಕ್ಕೆ ಮುಂಚಿನ ಪ್ರಸಾರಗಳನ್ನು ನರಮೇಧಕ್ಕೆ ನೇರ ಪ್ರಚೋದನೆ ಎನ್ನಲಾಗದು ಎಂಬುದು ಅದರ ನಿಲುವು. ದ್ವೇಷದ ಮಾತು ಯಾವ ಗಳಿಗೆಯಲ್ಲಿ ಅಪರಾಧವಾಗುತ್ತದೆ ಎಂಬ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ನ್ಯಾಯಶಾಸ್ತ್ರಜ್ಞರು ಇಂದಿಗೂ ವಾದಿಸುತ್ತಾರೆ. ನಹಿಮಾನಾ 2016ರಲ್ಲಿ ಅವಧಿಗೆ ಮುಂಚೆಯೇ ಬಿಡುಗಡೆಯಾದ.

ತೀರ್ಪಿನ ಮರುವರ್ಷ, 2004ರಲ್ಲಿ, ರೇಡಿಯೊ ರುವಾಂಡಾದಲ್ಲಿ ‘ಮುಸೆಕೆವೇಯಾ’ ಆರಂಭವಾಯಿತು. ಹೊಸ ಬೆಳಗು ಎಂದು ಅರ್ಥ. ಇದನ್ನು ತಂದದ್ದು ನೆದರ್ಲೆಂಡ್ಸಿನ ರೇಡಿಯೊ ಲಾ ಬೆನೆವೊಲೆನ್ಸಿಯಾ. ಸರಯೇವೊ ಮುತ್ತಿಗೆಯ ವರ್ಷಗಳಲ್ಲಿ ಮತ ನೋಡದೆ ಎಲ್ಲರಿಗೂ ಅನ್ನ, ಔಷಧ ಹಂಚಿದ ಅಲ್ಲಿನ ಯಹೂದಿ ಸೇವಾಸಂಸ್ಥೆಯ ಹೆಸರನ್ನು ಇದು ಇಟ್ಟುಕೊಂಡಿದೆ. ಧಾರಾವಾಹಿಯ ಹಿಂದಿನ ವಿಚಾರ ಮನೋವಿಜ್ಞಾನಿ ಅರ್ವಿನ್ ಸ್ಟೌಬ್ ಮತ್ತು ಅವರ ಸಹೋದ್ಯೋಗಿ ಲಾರಿ ಪರ್ಲ್‌ಮನ್ ಅವರದು. ಸ್ಟೌಬ್ ಹಂಗೆರಿಯ ಯಹೂದಿ ಬಾಲಕನಾಗಿ, ನಾಜಿಗಳ ಕೈಯಿಂದ ಪರರ ನೆರವಿನಿಂದ ಉಳಿದು ಬಂದವರು. ನರಮೇಧ ಒಂದು ದಿನದಲ್ಲಿ ಆಗುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಪ್ರತಿ ಮೆಟ್ಟಿಲಿನಲ್ಲೂ ಸುಮ್ಮನೆ ನೋಡುತ್ತ ನಿಂತವರಿಂದ ಅದಕ್ಕೆ ಬಲ ಬರುತ್ತದೆ ಎಂಬುದು ಅವರ ಜೀವಮಾನದ ಅಧ್ಯಯನದ ಸಾರ. ಇದನ್ನು ಭಾಷಣವಾಗಿ ಹೇಳದೆ ಕಥೆಯಾಗಿ ಹೇಳುವ ಕೆಲಸವನ್ನು ರುವಾಂಡಾದ ಬರಹಗಾರರು ಮಾಡಿದರು.

ಕಥೆಯಲ್ಲಿ ಬುಮಾಂಜಿ, ಮುಹುಮುರೊ ಎಂಬ ಎರಡು ಊರು, ನಡುವೆ ಫಲವತ್ತಾದ ತಗ್ಗು ಭೂಮಿ. ಆಳುವವರು ಅದನ್ನು ಬುಮಾಂಜಿಯವರಿಗೆ ಕೊಡುತ್ತಾರೆ. ಬರ ಬರುತ್ತದೆ. ಬುಮಾಂಜಿಯಲ್ಲಿ ಬೆಳೆ ಇದೆ, ಮುಹುಮುರೊದಲ್ಲಿ ಹಸಿವು. ಹಸಿದವರ ಸಿಟ್ಟನ್ನು ಒಬ್ಬ ಮುಖಂಡ ದಾಳಿಗೆ ತಿರುಗಿಸುತ್ತಾನೆ. ಮನೆಗಳು ಸುಡುತ್ತವೆ, ಜನ ಶಿಬಿರ ಸೇರುತ್ತಾರೆ, ಸೇಡಿನ ಮಾತು ಹುಟ್ಟುತ್ತದೆ. ಇವೆಲ್ಲದರ ನಡುವೆ ಎರಡು ಊರುಗಳ ಶೆಮಾ ಮತ್ತು ಬತಾಮುಲಿಜಾ ಪರಸ್ಪರ ಪ್ರೀತಿಸುತ್ತಾರೆ, ಎರಡೂ ಕಡೆಯ ಯುವಕರನ್ನು ಸೇರಿಸಿ ಹಿಂಸೆಗೆ ಕರೆಕೊಡುವ ಹಿರಿಯರಿಗೆ ಎದುರು ನಿಲ್ಲುತ್ತಾರೆ. ಹುಟು, ಟುಟ್ಸಿ ಎಂಬ ಹೆಸರುಗಳನ್ನು ಯಾವ ಪಾತ್ರವೂ ಎತ್ತುವುದಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ, ಕೇಳುವವರಿಗೆಲ್ಲ ಗೊತ್ತಾಗುತ್ತಿತ್ತು. ವಾರಕ್ಕೊಮ್ಮೆ ಸಂಜೆ ಮನೆ ಮಂದಿ, ಅಕ್ಕಪಕ್ಕದವರು ಒಂದೇ ರೇಡಿಯೊದ ಸುತ್ತ ಕೂತು ಕೇಳಿದರು. ಆಕಾಶವಾಣಿಯ ನಾಟಕಕ್ಕೆ ಮನೆಯಂಗಳದಲ್ಲಿ ಜನ ಸೇರುತ್ತಿದ್ದ ಕಾಲವನ್ನು ಕಂಡ ಕನ್ನಡದ ಓದುಗರಿಗೆ ಆ ಸಂಜೆಗಳನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಇದರಿಂದ ಏನಾದರೂ ಬದಲಾಯಿತೇ? ಒಳ್ಳೆಯ ಉದ್ದೇಶದ ಇಂಥ ಎಷ್ಟೋ ಕಾರ್ಯಕ್ರಮಗಳು ಈ ಪ್ರಶ್ನೆಗೆ ಉತ್ತರ ಕೊಡದೆ ಮುಗಿದುಹೋಗುತ್ತವೆ. ಇಲ್ಲಿ ಎಲಿಜಬೆತ್ ಲೆವಿ ಪ್ಯಾಲಕ್ ಎಂಬ ಯುವ ಮನೋವಿಜ್ಞಾನಿ ಮೊದಲ ವರ್ಷದಲ್ಲೇ ಪರೀಕ್ಷೆಗೆ ಇಳಿದರು. ಸಾಮಾನ್ಯ ಹಳ್ಳಿಗಳು, ನರಮೇಧದಿಂದ ಬದುಕುಳಿದವರ ನೆಲೆಗಳು, ತ್ವಾ ಜನರ ಊರುಗಳು, ಕೊಲೆ ಆರೋಪಿಗಳಿದ್ದ ಜೈಲುಗಳು ಇವನ್ನು ಆರಿಸಿ, ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಮುಸೆಕೆವೇಯಾ, ಇನ್ನೊಂದಕ್ಕೆ ಆರೋಗ್ಯದ ವಿಷಯದ ಇನ್ನೊಂದು ಧಾರಾವಾಹಿ. ತಿಂಗಳಿಗೊಮ್ಮೆ ತಂಡದವರು ಕ್ಯಾಸೆಟ್ ತಂದು ಹಾಕುತ್ತಿದ್ದರು, ಜನ ಒಟ್ಟಿಗೆ ಕೂತು ಕೇಳುತ್ತಿದ್ದರು. ವರ್ಷ ತುಂಬಿದ ಮೇಲೆ ಪ್ರಶ್ನೆ ಕೇಳಿದರು.

ಬಂದ ಉತ್ತರ ಧಾರಾವಾಹಿ ಬರೆದವರು ನಿರೀಕ್ಷಿಸಿದಂತೆ ಇರಲಿಲ್ಲ. ಹಿಂಸೆ ಹೇಗೆ ಬೆಳೆಯುತ್ತದೆ, ಬೇರೆ ಗುಂಪಿನವರೊಂದಿಗಿನ ಮದುವೆ ಶಾಂತಿ ತರುತ್ತದೆಯೇ ಎಂಬ ಬಗ್ಗೆ ಕೇಳುಗರ ಸ್ವಂತ ನಂಬಿಕೆ ಹೆಚ್ಚುಕಡಿಮೆ ಹಾಗೇ ಇತ್ತು. ಬದಲಾದದ್ದು ಬೇರೆ. ಮಕ್ಕಳು ತಮ್ಮ ಗುಂಪಿನೊಳಗೇ ಮದುವೆಯಾಗಬೇಕೆಂದು ಬುದ್ಧಿ ಹೇಳುವುದು ಸರಿಯೇ, ಒಪ್ಪದ ಮಾತು ಬಂದಾಗ ಬಾಯಿ ಬಿಡಬೇಕೇ, ನೆರೆಯವರನ್ನು ನಂಬಬಹುದೇ, ಮನಸ್ಸಿನ ಗಾಯವನ್ನು ಹೇಳಿಕೊಳ್ಳಬಹುದೇ ಎಂಬ ವಿಷಯಗಳಲ್ಲಿ ಊರಿನ ನಡವಳಿಕೆ ಹೇಗಿದೆ, ಹೇಗಿರಬೇಕು ಎಂಬ ಅವರ ಗ್ರಹಿಕೆ ಬದಲಾಗಿತ್ತು. ನಾನು ಏನು ನಂಬುತ್ತೇನೆ ಎಂಬುದಕ್ಕಿಂತ ನಾಲ್ಕು ಜನ ಏನನ್ನು ಒಪ್ಪುತ್ತಾರೆ ಎಂಬ ಅಂದಾಜು ಮೊದಲು ಕದಲಿತ್ತು.

ಪ್ರಶ್ನೆಗೆ ಕೊಟ್ಟ ಉತ್ತರ ಬಾಯಿಮಾತು ಇದ್ದೀತು. ಅದಕ್ಕಾಗಿ ಪ್ಯಾಲಕ್ ಇನ್ನೊಂದನ್ನು ಗಮನಿಸಿದರು. ಕೊನೆಯ ದಿನ ಪ್ರತಿ ಗುಂಪಿಗೂ ಕ್ಯಾಸೆಟ್ ಪ್ಲೇಯರ್, ಧಾರಾವಾಹಿಯ ಕ್ಯಾಸೆಟ್‌ಗಳು, ಬ್ಯಾಟರಿ ಸೆಲ್ಲುಗಳನ್ನು ಊರಿಗೆಲ್ಲ ಸೇರಿ ಉಡುಗೊರೆಯಾಗಿ ಕೊಟ್ಟರು. ಇವನ್ನು ಯಾರು ಇಟ್ಟುಕೊಳ್ಳಬೇಕು, ಹೇಗೆ ಹಂಚಿಕೊಳ್ಳಬೇಕು ಎಂಬುದನ್ನು ಊರವರೇ ಮಾತಾಡಿ ತೀರ್ಮಾನಿಸಬೇಕು. ಆರೋಗ್ಯದ ಧಾರಾವಾಹಿ ಕೇಳಿದ ಗುಂಪುಗಳಲ್ಲಿ ಸಾಮಾನ್ಯವಾಗಿ ಮೊದಲ ಸಲಹೆಯೇ ಕೊನೆಯದು: ಊರಿನ ಅಧಿಕಾರಿಯ ವಶಕ್ಕೆ ಕೊಡೋಣ. ಎಲ್ಲರೂ ತಲೆಯಾಡಿಸಿದರು, ಮಾತು ಮುಗಿಯಿತು. ಮುಸೆಕೆವೇಯಾ ಕೇಳಿದವರಲ್ಲಿ ಆ ಸಲಹೆ ಬಂದಾಗ ಯಾರಾದರೊಬ್ಬರು ಅದೇಕೆ ಎಂದರು. ಇನ್ನೊಬ್ಬರು ದನಿಗೂಡಿಸಿದರು. ವಾದ ಬೆಳೆಯಿತು. ಸೆಲ್ಲುಗಳನ್ನು ನಾವೇ ಇಟ್ಟುಕೊಂಡು ನಾವೇ ನಿಭಾಯಿಸೋಣ ಎಂಬ ಕಡೆಗೆ ಗುಂಪು ವಾಲಿತು.

ಕೇಳಲು ಇದು ಸಣ್ಣ ಸಂಗತಿ. ಆದರೆ ಹತ್ತು ವರ್ಷದ ಹಿಂದೆ ಇದೇ ಗುಡ್ಡಗಳ ಮೇಲೆ ಅಧಿಕಾರಿ ಹೇಳಿದ್ದಕ್ಕೆ ಅದೇಕೆ ಎನ್ನುವವರು ತೀರಾ ವಿರಳವಾಗಿದ್ದರು. ಎಂದವರಲ್ಲಿ ಅನೇಕರು ಅದಕ್ಕಾಗಿ ಜೀವ ತೆತ್ತಿದ್ದರು. 2009ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಭಾಗವೇ. ಒಂದೇ ವರ್ಷದ ಅಳತೆ ಇದು, ಪರಿಣಾಮ ಎಷ್ಟು ಕಾಲ ಬಾಳಿತು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಮಾಧ್ಯಮದಿಂದ ಸಾಮರಸ್ಯ ಎನ್ನುವವರು ಮನಃಪರಿವರ್ತನೆಯನ್ನು ಅಳೆಯುವ ಬದಲು ಅದೇಕೆ ಎಂದು ಕೇಳುವ ಈ ಧೈರ್ಯವನ್ನು ಅಳೆಯಬೇಕೆಂದು ನನಗನ್ನಿಸುತ್ತದೆ.

ಇದೇ ದೇಶದ ಸರ್ಕಾರ ಅದೇ ವರ್ಷಗಳಲ್ಲಿ ಭಿನ್ನಮಾತಿಗೆ ಜಾಗ ಕಿರಿದುಮಾಡುತ್ತ ಹೋಯಿತು. 2001ರಲ್ಲಿ ಭೇದ ಬಿತ್ತುವುದರ ವಿರುದ್ಧ, 2008ರಲ್ಲಿ ‘ನರಮೇಧದ ಸಿದ್ಧಾಂತ’ದ ವಿರುದ್ಧ ಕಾನೂನು ಬಂದವು. ಆರ್‌ಟಿಎಲ್‌ಎಂ ಕಂಡ ದೇಶಕ್ಕೆ ಇಂಥ ಕಾನೂನು ಬೇಕಿರಲಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಅವುಗಳ ಮಾತು ಅಸ್ಪಷ್ಟವಾಗಿತ್ತು. ಪತ್ರಕರ್ತರು, ವಿರೋಧಿಗಳು ಅವುಗಳಡಿ ಜೈಲು ಕಂಡರು. 1994ರ ಬಗ್ಗೆ ಬಿಬಿಸಿಯ ಸಾಕ್ಷ್ಯಚಿತ್ರವೊಂದು ಸರ್ಕಾರವನ್ನು ಕೆರಳಿಸಿದ್ದರಿಂದ, ಒಂದು ಕಾಲದಲ್ಲಿ ಮಕ್ಕಳನ್ನು ತಾಯಂದಿರಿಗೆ ಸೇರಿಸಿದ್ದ ಕಿನ್ಯಾರ್ವಾಂಡಾ ಪ್ರಸಾರ 2014ರಲ್ಲಿ ದೇಶದೊಳಗೆ ನಿಂತಿತು.

ತರಗತಿಯಲ್ಲೂ ಇದೇ ಇಕ್ಕಟ್ಟು. 2004ರಿಂದ 2006ರವರೆಗೆ ರುವಾಂಡಾದ ಇತಿಹಾಸಕಾರರು, ಶಿಕ್ಷಕರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರ ಜೊತೆ ಕೂತು, ಮೂಲ ದಾಖಲೆಗಳನ್ನು ಮುಂದಿಟ್ಟು ಚರ್ಚಿಸುವ ಹೊಸ ಇತಿಹಾಸ ಪಾಠವನ್ನು ರೂಪಿಸಿದರು. ಜನಾಂಗದ ವಿಷಯ ಬಂದಾಗ ಮಾತು ಬಿಗಿಯುತ್ತಿತ್ತು ಎಂದು ಅದರಲ್ಲಿದ್ದ ಸಂಶೋಧಕರೇ ಬರೆದಿದ್ದಾರೆ. ವಸಾಹತುಶಾಹಿಗೆ ಮುಂಚೆ ಎಲ್ಲರೂ ಒಂದಾಗಿದ್ದರು ಎಂಬ ಅಧಿಕೃತ ಕಥೆಯಿಂದ ಆಚೆ ಕಾಲಿಡುವುದು ಮೇಷ್ಟ್ರಿಗೆ ಕಷ್ಟ. 2016ರಲ್ಲಿ ಜಾರಿಗೆ ಬಂದ ಹೊಸ ಪಠ್ಯಕ್ರಮ ಶಾಂತಿ ಮತ್ತು ಮೌಲ್ಯಗಳ ಶಿಕ್ಷಣವನ್ನು ಎಲ್ಲ ವಿಷಯಗಳಲ್ಲೂ ಹೆಣೆದಿದೆ, ನರಮೇಧದ ಇತಿಹಾಸ ಈಗ ಪಾಠದಲ್ಲಿದೆ. ಯುದ್ಧದ ವೇಳೆ ಆರ್‌ಪಿಎಫ್ ಕೈಯಲ್ಲಿ ಸತ್ತ ಹುಟುಗಳ ಮಕ್ಕಳಿಗೆ ತಮ್ಮ ಮನೆಯ ದುಃಖ ಹೇಳಿಕೊಳ್ಳಲು ಅದರಲ್ಲಿ ಜಾಗವಿಲ್ಲ. ಆ ಸಾವುಗಳನ್ನು ನರಮೇಧಕ್ಕೆ ಸಮವೆನ್ನುವುದು ಸುಳ್ಳು. ಅವು ಆಗಲೇ ಇಲ್ಲವೆನ್ನುವುದೂ ಸುಳ್ಳೇ.

ಬೆನೆವೊಲೆನ್ಸಿಯಾ ತನ್ನ ಧಾರಾವಾಹಿಗಳನ್ನು ಬುರುಂಡಿಗೂ ಪೂರ್ವ ಕಾಂಗೊಗೂ ಒಯ್ದಿತು. ಪೂರ್ವ ಕಾಂಗೊದಲ್ಲಿ ಪ್ಯಾಲಕ್ ಇನ್ನೊಂದು ಪರೀಕ್ಷೆ ಮಾಡಿದರು. ಕೆಲವು ಪ್ರದೇಶಗಳಲ್ಲಿ ಬರಿಯ ನಾಟಕ. ಇನ್ನು ಕೆಲವೆಡೆ ನಾಟಕದ ಬೆನ್ನಿಗೆ, ಕೇಳಿದ್ದನ್ನು ಪರಸ್ಪರ ಚರ್ಚಿಸಿ ಎಂದು ಹುರಿದುಂಬಿಸುವ ಮಾತುಕತೆಯ ಕಾರ್ಯಕ್ರಮ. ಎರಡನೆಯವರು ಹೆಚ್ಚು ಚರ್ಚಿಸಿದರು, ನಿಜ. ಆದರೆ 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅವರು ಹಳೆಯ ಕುಂದುಕೊರತೆಗಳನ್ನು ಹೆಚ್ಚು ನೆನೆದರು, ಅಸಹನೆ ಹೆಚ್ಚು ತೋರಿದರು, ತಮಗಾಗದ ಗುಂಪಿಗೆ ನೆರವಾಗಲು ಇನ್ನಷ್ಟು ಹಿಂಜರಿದರು. ರುವಾಂಡಾದಲ್ಲಿ ಮುಸೆಕೆವೇಯಾ ಬಂದ ಹೊತ್ತಿಗೆ ಯುದ್ಧ ಮುಗಿದು ಹತ್ತು ವರ್ಷವಾಗಿತ್ತು. ಕಾಂಗೊದಲ್ಲಿ ಅದು ಮನೆ ಬಾಗಿಲಿನಲ್ಲೇ ಇತ್ತು.

ಈಗಲೂ ಇದೆ. 2025ರ ಜನವರಿಯಲ್ಲಿ ಎಂ23 ಬಂಡುಕೋರರು ಗೋಮಾ ನಗರವನ್ನು ವಶಪಡಿಸಿಕೊಂಡರು. ಅವರ ಬೆನ್ನಿಗೆ ರುವಾಂಡಾದ ಸೇನೆ ಇದೆಯೆಂದು ವಿಶ್ವಸಂಸ್ಥೆಯ ತಜ್ಞರು ವರ್ಷಗಳಿಂದ ವರದಿ ಮಾಡುತ್ತಿದ್ದಾರೆ. ಅಲ್ಲಿನ ಟುಟ್ಸಿಗಳ ರಕ್ಷಣೆಯ ಮಾತನ್ನು ಕಿಗಾಲಿ ಎತ್ತುತ್ತದೆ. ಆ ಟುಟ್ಸಿಗಳ ವಿರುದ್ಧ ಆರ್‌ಟಿಎಲ್‌ಎಂ ಕಾಲದ ಬೈಗುಳಗಳು ಇಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿರುವುದೂ ನಿಜ. ಬುಮಾಂಜಿ ಮುಹುಮುರೊಗಳ ಕಥೆ ಬರೆದವರು ಜಗಳದ ಬೇರನ್ನು ಇಟ್ಟದ್ದು ಎರಡು ಊರಿನ ನಡುವಿನ ಭೂಮಿಯಲ್ಲಿ. ಪೂರ್ವ ಕಾಂಗೊದ ಕಿವು ಪ್ರಾಂತಗಳಲ್ಲೂ ಭೂಮಿ, ಅದರಡಿಯ ಖನಿಜ ಯಾರದೆಂದು ತೀರ್ಮಾನವಾಗುವವರೆಗೆ ಅಲ್ಲಿನ ರೇಡಿಯೊ ನಾಟಕಕಾರರು ಯುದ್ಧದ ಸದ್ದಿನ ನಡುವೆಯೇ ಬರೆಯಬೇಕಾಗಿದೆ.